ಇಡ್ಲೇನ್ರಿ, ಅಳಸ್ಲೇನ್ರಿ?

ಹೋದ ತಿಂಗಳು ಶಹಾಪುರದಿಂದ ಒಬ್ಬ ಹುಡುಗಿ ಬಸ್ಸು ಹಿಡಿದು ರಂಗಂಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೆಸರು ಶಾಹೀನ್, ವಯಸ್ಸು ಇಪ್ಪತ್ತಮೂರು. ಪರದೆ ಪಾಲಿಸುವ ಮುಸ್ಲಿಂ ಮದುವೆಮನೆಗಳಲ್ಲಿ ಹೆಂಗಸರ ಕೋಣೆಯ ಫೋಟೋ ತೆಗೆಯುವುದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದು ಮನೆಯವರನ್ನು ಒಪ್ಪಿಸಿ ಬಂದಿದ್ದಳು. ಸುರಪುರ, ಶಹಾಪುರ, ಯಾದಗಿರಿ ಕಡೆ ನಲವತ್ತು ವರ್ಷ ಅದೇ ಕೆಲಸ ಮಾಡಿ, ಕೈ ನಡುಗತೊಡಗಿದ ಮೇಲೆ ನಾನಾಗಿಯೇ ಅಂಗಡಿಯ ಬಾಗಿಲು ಹಾಕಿದವಳು ನಾನು. ಹಾಗಾಗಿ ಅವಳು ಕೇಳಲು ಬಂದ ಮನೆ ಸರಿಯಾದದ್ದೇ. ಸಂಕೋಚ ಬಿಟ್ಟು ಹೇಳುತ್ತೇನೆ, ಈ ಮೂರೂರಿನಲ್ಲಿ ಆ ಕೆಲಸವನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಅವಳು ಎರಡು ಪ್ರಶ್ನೆ ತಂದಿದ್ದಳು. ಮೊದಲನೆಯದು ಕ್ಯಾಮೆರಾದ್ದು. ಅವಳ ಕೈಯಲ್ಲಿರುವ ದುಡ್ಡಿಗೆ ಒಂದೇ ಬರುತ್ತದೆ: ಲೆನ್ಸು ಬಿಚ್ಚಿ ಹಾಕುವ ದೊಡ್ಡ ಡಿಎಸ್ಎಲ್ಆರ್‌ಗಳಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯದು, ಇಲ್ಲವೆ ಕಿಸೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಕಾಂಪ್ಯಾಕ್ಟ್. ಯಾವುದು ಕೊಳ್ಳಲಿ ಎಂದು ಕೇಳಿದಳು. ಮೊಬೈಲು ಇರುವಾಗ ಕ್ಯಾಮೆರಾ ಯಾಕೆ ಎಂದು ನೀವು ಕೇಳಬಹುದು. ಆ ಮನೆಗಳ ಹೆಂಗಸರ ಕೋಣೆಯಲ್ಲಿ ಈಗ ಮೊಬೈಲು ಎತ್ತಿದರೆ ಹಿರಿಯರು ಎದ್ದು ಹೊರಗೆ ಕಳಿಸುತ್ತಾರೆ. ಅದರಲ್ಲಿ ತೆಗೆದ ಫೋಟೋ ತಾನಾಗಿ ಎಲ್ಲೆಲ್ಲಿಗೋ ಹೋಗಿಬಿಡುತ್ತದೆ ಎಂಬ ಭಯ ಅವರಿಗೆ. ಭಯ ಸುಳ್ಳೂ ಅಲ್ಲ.

ಎರಡನೆಯ ಪ್ರಶ್ನೆಯನ್ನು ಚಹಾ ಕುಡಿದು, ಬಸಿ ಕೆಳಗಿಟ್ಟು, ಎದ್ದು ಹೊರಡುವಾಗ ಕೇಳಿದಳು.

“ಅಕ್ಕಾರ, ನಮ್ಮ ಅಮ್ಮೀದು ಒಂದರೆ ಫೋಟೋ ನಿಮ್ಮ ಹತ್ರ ಅದ ಏನ್ರಿ?”

ಆಗ ನನಗೆ ಗುರುತು ಹತ್ತಿತು. ಮಾತಿನ ನಡುವೆ ನಗು ಬಂದಾಗೆಲ್ಲ ಈ ಹುಡುಗಿ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮುಂದಿನ ಎರಡು ಹಲ್ಲಿನ ನಡುವೆ ಸಂದು. ಅದೇ ಸಂದು, ಅದೇ ಅಂಗೈ. ಇವಳು ಮೆಹರುನ್ನೀಸಾಳ ಮಗಳು. ಹದಿನೈದು ವರ್ಷದ ಹಿಂದೆ ಮೆಹರುನ್ನೀಸಾಳ ತಂಗಿಯ ಮದುವೆಗೆ ನಾನೇ ಫೋಟೋ ತೆಗೆದಿದ್ದೆ. ಮೆಹರುನ್ನೀಸಾ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಆ ಮದುವೆಯ ಫೋಟೋಗಳ ಲಕೋಟೆ ಶಾಹೀನಳ ಅಜ್ಜಿಯ ಟ್ರಂಕಿನಲ್ಲಿತ್ತು. ಒಂದು ಮಳೆಗಾಲ ಮಾಳಿಗೆ ಸೋರಿ ಟ್ರಂಕಿನೊಳಗೆ ನೀರು ನಿಂತು, ಫೋಟೋಗಳೆಲ್ಲ ಹಸಿ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿ ಬಿಡಿಸಲು ಬಾರದಂತಾಗಿವೆ. ಉಳಿದದ್ದು ಓಟಿನ ಕಾರ್ಡಿನ ಚಿತ್ರ ಒಂದೇ. “ಅದರಾಗ ಇರಾಕಿ ನಮ್ಮ ಅಮ್ಮಿ ಅಲ್ರಿ, ಯಾರೋ ಸಿಟ್ಟಿಗೆದ್ದ ಹೆಂಗಸು” ಎಂದು ಶಾಹೀನ್ ನಗಲು ಹೋಗಿ ಕೈ ಅಡ್ಡ ಹಿಡಿದಳು.

ನಾನು ಇಲ್ಲ ಅಂದೆ. ಒಂದೂ ಇಲ್ಲ, ಯಾರದ್ದೂ ಇಲ್ಲ ಅಂದೆ. ಅವಳು ತಲೆಯಾಡಿಸಿದಳು. ಇಷ್ಟು ವರ್ಷದ ಮೇಲೂ ನಾನು ಕದ್ದು ಒಂದು ಪ್ರತಿ ಇಟ್ಟುಕೊಂಡಿರಬಹುದು ಎಂಬ ಆಸೆಯಿಂದಲೇ ಆ ಹುಡುಗಿ ಬಂದಿದ್ದಳು ಎಂದು ಅವಳ ಮುಖ ನೋಡಿ ತಿಳಿಯಿತು. ಕ್ಯಾಮೆರಾದ ವಿಷಯ ಬರೆದಿಟ್ಟು ಹೇಳುತ್ತೇನೆ, ಮುಂದಿನ ವಾರ ಬಾ ಎಂದು ಕಳಿಸಿದೆ. ಯಾಕೆ ಒಂದೂ ಇಲ್ಲ ಎನ್ನುವುದನ್ನೂ ಸೇರಿಸಿಯೇ ಬರೆಯಬೇಕೆಂದು ಕುಳಿತೆ, ಏಕೆಂದರೆ ಈ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದದ್ದು ಅದೇ.

ನಾನು ಕೆಲಸಕ್ಕೆ ಸೇರಿದ್ದು ಫೋಟೋ ತೆಗೆಯಲು ಅಲ್ಲ, ತೊಳೆಯಲು. ಶಹಾಪುರದಲ್ಲಿ ನಮ್ಮ ಸೋದರಮಾವನ ಟೇಲರ್ ಅಂಗಡಿಯ ಪಕ್ಕಕ್ಕೆ ಇಮಾಮಸಾಬರ ಸ್ಟುಡಿಯೋ ಇತ್ತು. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು. ಮುಸ್ಲಿಂ ಮನೆಗಳ ಮದುವೆಯಲ್ಲಿ ಹೆಂಗಸರ ಕಡೆಯ ಫೋಟೋವನ್ನು ಉಸ್ತಾದರ ಹೆಂಡತಿ ತೆಗೆದುಕೊಂಡು ಬರುತ್ತಿದ್ದರು. ಅದನ್ನು ಜನಾನಾ ರೋಲು ಎನ್ನುತ್ತಿದ್ದರು. ಆ ರೋಲು ಗಂಡಸರ ಕಣ್ಣಿಗೆ ಬೀಳುವ ಹಾಗಿಲ್ಲ. ಉಸ್ತಾದರೂ ನೋಡುವ ಹಾಗಿಲ್ಲ. ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆದು ಕಾಗದಕ್ಕೆ ಇಳಿಸುವುದೂ ಹೆಂಗಸೇ ಆಗಬೇಕು. ರೋಲು ತೊಳೆಯುವ ಮದ್ದಿನ ನೀರಿಗೆ ಉಸ್ತಾದರ ಹೆಂಡತಿಯ ಕೈ ಬಿರಿದು ಗಾಯವಾದಾಗ ಇನ್ನೊಬ್ಬ ಹೆಂಗಸು ಬೇಕಾಯಿತು. ಹತ್ತನೆಯದರಲ್ಲಿ ಗಣಿತಕ್ಕೆ ಮೂರು ಸಲ ಕೂತು ಮೂರೂ ಸಲ ನಪಾಸಾಗಿ ಮನೆಯಲ್ಲಿದ್ದ ನನ್ನನ್ನು ಸೋದರಮಾವ ಕರೆದುಕೊಂಡು ಹೋಗಿ ಅಲ್ಲಿ ನಿಲ್ಲಿಸಿದ.

ಉಸ್ತಾದರು ನನಗೆ ಹೇಳಿಕೊಟ್ಟ ಮೊದಲ ಪಾಠ ಕ್ಯಾಮೆರಾದ್ದಲ್ಲ. ಜನಾನಾ ರೋಲು, ಅದರ ನೆಗೆಟಿವ್, ಕಾಗದಕ್ಕೆ ಇಳಿಸಿದ ಫೋಟೋ, ಕೆಟ್ಟುಹೋದ ಕಾಗದ, ಎಲ್ಲ ಒಂದೇ ಲಕೋಟೆಯಲ್ಲಿ ಹಾಕಿ ಆ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡಬೇಕು. ಅಂಗಡಿಯಲ್ಲಿ ಚೂರೂ ಉಳಿಯಬಾರದು. ಬೇರೆ ಸ್ಟುಡಿಯೋದವರು ನೆಗೆಟಿವ್ ಇಟ್ಟುಕೊಂಡು ಮತ್ತೆ ಮತ್ತೆ ಪ್ರಿಂಟು ಹಾಕಿಕೊಡುತ್ತಾರಲ್ಲ ಎಂದು ನಾನು ಕೇಳಿದಾಗ ಅವರು ಹೇಳಿದ ಮಾತು ಇಷ್ಟೇ:

“ಅವರ ಮನಿ ಹೆಣ್ಮಕ್ಕಳು ಅವರ ಮನ್ಯಾಗ ಇರ್ಲಿ ಬೇಟಿ, ನಮ್ಮ ಅಂಗಡ್ಯಾಗ ಬ್ಯಾಡ.”

ಎರಡನೆಯ ಪಾಠ ನನ್ನ ತಪ್ಪಿನಿಂದ ಬಂತು. ಸೇರಿ ಹದಿನೈದು ದಿನವೂ ಆಗಿರಲಿಲ್ಲ. ಒಂದು ನಿಕಾಹದ ರೋಲು ಮದ್ದಿನಲ್ಲಿ ಮುಳುಗಿಸಿದ್ದೆ, ತೊಳೆಯಲು ನೀರು ಸಾಲದಾಯಿತು. ಹೊರಗೆ ಕೊಡ ಇತ್ತು. ಬಾಗಿಲು ಒಂದು ಗೇಣು ಸರಿಸಿ ಕೊಡ ಒಳಗೆ ಎಳೆದುಕೊಂಡೆ. ಒಂದು ಗೇಣು ಬೆಳಕು ಸಾಕಾಯಿತು, ರೋಲು ಪೂರ್ತಿ ಕಪ್ಪು. ನಾನು ಅಳುತ್ತ ಕುಳಿತೆ. ಉಸ್ತಾದರು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊ ಎಂದು ಹೇಳಿ, ನನ್ನನ್ನು ಮದುಮಗಳ ಮನೆಗೆ ನಡೆಸಿಕೊಂಡು ಹೋಗಿ, ಪರದೆಯ ಈಚೆ ತಾವು ನಿಂತು, ನನ್ನನ್ನು ಒಳಗೆ ಕಳಿಸಿದರು. ನಿನ್ನ ಬಾಯಿಂದಲೇ ಹೇಳು ಎಂದರು. ಹೇಳಿದೆ. ಮದುಮಗಳು ಅತ್ತಳು. ಅವಳ ಅಜ್ಜಿ ನನ್ನ ಮುಖ ನೋಡಿ, ಕೂಡು ಎಂದು ಚಹಾ ಕೊಟ್ಟು, ಶುಕ್ರವಾರ ಮತ್ತೆ ಉಡಿಸಿ ಕೂಡಿಸುತ್ತೇವೆ, ಬಂದು ತೆಗೆ ಎಂದಳು. ನಾನು ಕ್ಯಾಮೆರಾ ಹಿಡಿದದ್ದೇ ಆ ಶುಕ್ರವಾರ. ಅಷ್ಟರಲ್ಲಿ ಉಸ್ತಾದರ ಹೆಂಡತಿಯ ಕೈ ಕ್ಯಾಮೆರಾ ಹಿಡಿಯಲೂ ಬಾರದಷ್ಟು ಕೆಟ್ಟಿತ್ತು.

ಊರೆಲ್ಲ ಬಣ್ಣದ ಫೋಟೋ ಬಂದ ಮೇಲೂ ನಮ್ಮ ಜನಾನಾ ರೋಲು ಬಹಳ ವರ್ಷ ಕಪ್ಪು ಬಿಳುಪಾಗಿಯೇ ಉಳಿಯಿತು. ಬಣ್ಣದ ರೋಲು ದೊಡ್ಡ ಊರಿನ ಲ್ಯಾಬಿಗೆ ಹೋಗಬೇಕು, ಅಲ್ಲಿ ಯಾರು ನೋಡುತ್ತಾರೋ ಏನೋ. ಕೆಂಪು ಘಾಗರ, ಹಸಿರು ಬಳೆ, ಮೆಹಂದಿ ಹಚ್ಚಿದ ಕೈ, ಎಲ್ಲವನ್ನೂ ಬೂದಿಬಣ್ಣ ಮಾಡಿ ಕೊಡುವಾಗ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ತಡೆಯಲಾರದೆ ಬಣ್ಣದ ಡಬ್ಬಿ ತಂದು ಒಬ್ಬ ಮದುಮಗಳ ತುಟಿಗೆ ಕುಂಚದಿಂದ ಕೆಂಪು ಹಚ್ಚಿದೆ. ಆ ಹುಡುಗಿ ನಾಲ್ಕು ಪಾನು ಒಟ್ಟಿಗೆ ತಿಂದವಳ ಹಾಗೆ ಕಂಡಳು. ಆ ಮನೆಯವರು ಈಗಲೂ ನನ್ನನ್ನು ಕಂಡರೆ ಪಾನು ಬೇಕೇನು ಎಂದು ಕೇಳುತ್ತಾರೆ.

ಉಸ್ತಾದರು ಅಂಗಡಿ ಮುಚ್ಚಿದ ಮೇಲೆ ನಾನು ಸುರಪುರದಲ್ಲಿ ನನ್ನದೇ ಅಂಗಡಿ ಹಾಕಿದೆ. ಡಿಜಿಟಲ್ ಬಂತು ಎಂದಾಗ ಹೈದರಾಬಾದಿಗೆ ಹೋಗಿ ಮೊದಲು ತಂದದ್ದು ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾ. ಸೋಪಿನ ಡಬ್ಬಿಯಷ್ಟಿತ್ತು, ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ನಡೆಯುತ್ತಿತ್ತು. ಫೋಟೋ ಎಲ್ಲ ಒಂದು ಅಂಚೆಚೀಟಿ ಗಾತ್ರದ ಕಾರ್ಡಿನಲ್ಲಿ ಕೂಡುತ್ತಿದ್ದವು. ಹಿಂಬದಿಗೆ ಪುಟ್ಟ ಗಾಜಿನ ಪರದೆ, ತೆಗೆದದ್ದು ಅಲ್ಲೇ ಕಾಣುತ್ತಿತ್ತು. ಕತ್ತಲೆ ಕೋಣೆ ಬೇಕಿಲ್ಲ, ಲ್ಯಾಬು ಬೇಕಿಲ್ಲ, ಹೆಂಗಸಿನ ಕೈಯಲ್ಲೇ ಬಣ್ಣ. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಅಂದಿನಿಂದ ನಾನೊಂದು ಹೊಸ ಪದ್ಧತಿ ಹಾಕಿಕೊಂಡೆ. ಒಬ್ಬಳ ಫೋಟೋ ತೆಗೆದ ಕೂಡಲೇ ಪರದೆಯನ್ನು ಅವಳ ಕಡೆ ತಿರುಗಿಸಿ ಕೇಳುತ್ತಿದ್ದೆ: “ಇಡ್ಲೇನ್ರಿ, ಅಳಸ್ಲೇನ್ರಿ?” ಇಡು ಅಂದರೆ ಇಡುತ್ತಿದ್ದೆ. ಅಳಸು ಅಂದರೆ ಅವಳ ಎದುರಿಗೇ ಅಳಿಸುತ್ತಿದ್ದೆ, ಅದು ಎಷ್ಟೇ ಚೆಂದ ಬಂದಿರಲಿ. ಮನೆಯಲ್ಲಿ ದಖನಿ ಉರ್ದು ಆಡುವ ಮಕ್ಕಳ ಕಿವಿಗೆ ಅದು ಇಡ್ಲಿ ಏನ್ರಿ ಎಂದು ಕೇಳಿತು. ನಾನು ಓಣಿಯಲ್ಲಿ ಕಾಲಿಟ್ಟರೆ ಸಾಕು, ಇಡ್ಲಿ ಅಕ್ಕ ಬಂದಳು, ಇಡ್ಲಿ ಅಕ್ಕ ಬಂದಳು ಎಂದು ಹಿಂಡು ಹಿಂಡಾಗಿ ಬರುತ್ತಿದ್ದವು. ಆ ಹೆಸರು ನನಗೆ ಯಾವ ಬಿರುದಿಗಿಂತಲೂ ಕಡಿಮೆ ಅನ್ನಿಸಿಲ್ಲ.

ಆದರೆ ಹೊಸ ಪದ್ಧತಿಯಲ್ಲಿ ಹೊಸ ತಪ್ಪೂ ಇರುತ್ತದೆ. ಮೊದಮೊದಲು ಪ್ರಿಂಟು ಹಾಕಿಸಲು ಕಾರ್ಡನ್ನು ಒಂದು ಕಂಪ್ಯೂಟರ್ ಅಂಗಡಿಗೆ ಒಯ್ಯುತ್ತಿದ್ದೆ. ಕಾರ್ಡು ಹಾಕುತ್ತಾನೆ, ಪ್ರಿಂಟು ತೆಗೆಯುತ್ತಾನೆ, ಕಾರ್ಡು ವಾಪಸು ಕೊಡುತ್ತಾನೆ, ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಮೂರನೆಯ ಸಲ ಹೋದಾಗ ಅವನ ಪರದೆಯ ಮೇಲೆ ನನ್ನ ಹೆಸರಿನದೊಂದು ಫೋಲ್ಡರು ಕಂಡಿತು. ತೆರೆಸಿ ನೋಡಿದರೆ ಹಿಂದಿನ ಎರಡೂ ಮನೆಗಳ ಫೋಟೋ ಅಲ್ಲಿ ಕೂತಿವೆ. ಪಾಪ, ಅವನು ಕೆಟ್ಟವನಲ್ಲ. ಎಲ್ಲರದ್ದೂ ಹಾಗೇ ಇಡುತ್ತಿದ್ದ. ಎದುರಿಗೆ ಕುಳಿತು ಒಂದೊಂದೇ ಅಳಿಸಿಸಿದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಆ ಎರಡೂ ಮನೆಗೆ ಹೋಗಿ ನನ್ನ ಬಾಯಿಂದಲೇ ಹೇಳಿದೆ. ಒಂದು ಮನೆಯವರು ಹೋಗಲಿ ಬಿಡು ಅಂದರು. ಇನ್ನೊಂದು ಮನೆಯವರು ಎರಡು ವರ್ಷ ನನ್ನನ್ನು ಹೊಸ್ತಿಲು ಹತ್ತಿಸಲಿಲ್ಲ. ಅವರದ್ದು ತಪ್ಪೆಂದು ನಾನು ಯಾವತ್ತೂ ಅನ್ನುವುದಿಲ್ಲ. ಅಂದಿನಿಂದ ಕಂಪ್ಯೂಟರು, ಪ್ರಿಂಟರು ಎರಡೂ ನನ್ನ ಅಂಗಡಿಯ ಒಳಕೋಣೆಗೇ ಬಂದವು.

ಇನ್ನು ಸಣ್ಣ ಕ್ಯಾಮೆರಾದ ದೋಷ ಹೇಳಬೇಕು. ರಂಗಂಪೇಟೆಯಲ್ಲಿ ನಮ್ಮ ಬಳಗದ್ದೇ ಒಂದು ಮದುವೆ. ಅಕ್ಕಿಕಾಳು ಬೀಳುವ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಿದೆ. ಆ ಕ್ಯಾಮೆರಾ ಒತ್ತಿದ ಮೇಲೆ ಯೋಚನೆ ಮಾಡಿ ತೆಗೆಯುತ್ತಿತ್ತು. ಬಂದ ಫೋಟೋದಲ್ಲಿ ಅಕ್ಕಿಕಾಳು ಹಾರುತ್ತಿರಲಿಲ್ಲ. ಮದುಮಗ ಕಣ್ಣುಜ್ಜಿಕೊಳ್ಳುತ್ತಿದ್ದ, ಮದುಮಗಳ ಮುಂದೆ ಯಾರದೋ ಮೊಣಕೈ. ಒಳಕೋಣೆಗಳಲ್ಲಂತೂ, ನಮ್ಮ ಕಡೆಯ ಹಳೆಯ ಮನೆಗಳಿಗೆ ಕಿಟಕಿ ಇರುವುದೇ ಕಡಿಮೆ, ಫ್ಲ್ಯಾಶು ಹಾಕಿದರೆ ಮುಖ ಸುಣ್ಣ ಬಳಿದ ಗೋಡೆ, ಹಾಕದಿದ್ದರೆ ಚಿತ್ರವೆಲ್ಲ ರವೆ ಎರಚಿದ ಹಾಗೆ ಕಾಳು ಕಾಳು. ಗಂಡಸರ ಕಡೆ ಹೋದರೆ ನನ್ನ ಕೈಯ ಸಣ್ಣ ಡಬ್ಬಿ ನೋಡಿ, ಫೋಟೋದವರು ಇನ್ನೂ ಬಂದಿಲ್ಲವೇ ಎಂದು ನನ್ನನ್ನೇ ಕೇಳುತ್ತಿದ್ದರು.

ಹಾಸಿಗೆ ಹಿಡಿದಿದ್ದ ಉಸ್ತಾದರಿಗೆ ಇದನ್ನೆಲ್ಲ ಹೇಳಿದೆ. ದೊಡ್ಡದು ತಗೋ, ಹಿಂದೆಮುಂದೆ ನೋಡಬೇಡ ಎಂದರು. ಹೋಗಿ ಕೊಂಡು ತಂದೆ. ಕೆಳಗಿನ ದರ್ಜೆಯದೇ ಆದರೂ ಡಿಎಸ್ಎಲ್ಆರ್ ಡಿಎಸ್ಎಲ್ಆರೇ. ಒತ್ತಿದ ಗಳಿಗೆಗೇ ಹಿಡಿಯುತ್ತಿತ್ತು. ಮಬ್ಬಿನಲ್ಲೂ ಮುಖದ ನಿಜಬಣ್ಣ ಬರುತ್ತಿತ್ತು. ರಾಮಸಮುದ್ರದ ಶಾಲೆಗೆ ಗುಂಪು ಫೋಟೋ ತೆಗೆಯಲು ಹೋದಾಗ ಅಲ್ಲಿನ ಹೆಡ್‌ಮಾಸ್ತರರು ಮೊದಲು ಹೆಂಗಸೇ ಬಂದಿದ್ದೀರಾ ಎಂದವರು, ಚೀಲದಿಂದ ದೊಡ್ಡ ಕ್ಯಾಮೆರಾ ಹೊರಗೆ ಬಂದ ಕೂಡಲೇ ಒಳಗೆ ಹೋಗಿ ಮೀಸೆ ಬಾಚಿಕೊಂಡು ಬಂದರು. ನನಗೆ ಕುರ್ಚಿ, ಲಿಂಬು ಶರಬತ್ತು. ಅವತ್ತು ನಾನು ಬೀಗಿದ್ದು ನಿಜ. ಇಷ್ಟು ವರ್ಷದ ಕೆಲಸಕ್ಕೆ ಸಿಗದ ಕುರ್ಚಿ ಒಂದು ಕ್ಯಾಮೆರಾಕ್ಕೆ ಸಿಕ್ಕಿತು.

ಅದೇ ಬಿಂಕದಲ್ಲಿ ನಾನು ಶಾಹೀನಳ ಚಿಕ್ಕಮ್ಮ ರುಖಸಾನಾಳ ಮದುವೆಗೆ ಶಹಾಪುರಕ್ಕೆ ಹೋದೆ. ಮನೆಯ ಹಿರಿಯಳು ಶಾಹೀನಳ ಅಜ್ಜಿ, ಎಲ್ಲರೂ ಬಡೀಬೀ ಎನ್ನುತ್ತಿದ್ದರು. ಮುಂಜಾನೆ ಅರಿಸಿನ ಹಚ್ಚುವ ಹೊತ್ತು. ಪರದೆಯ ಆಚೆಯಿಂದ ನಗು, ಹಾಡು ಬೀದಿಗೆ ಕೇಳುತ್ತಿತ್ತು. ನಾನು ಡಿಎಸ್ಎಲ್ಆರ್ ಕೊರಳಿಗೆ ಹಾಕಿಕೊಂಡು ಪರದೆ ಸರಿಸಿ ಒಳಗೆ ಹೋದೆ. ಹಾಡು ನಿಂತಿತು. ಇಪ್ಪತ್ತು ಹೆಂಗಸರು ದುಪಟ್ಟಾ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಗೋಡೆಗೆ ಒರಗಿ ಕುಳಿತರು. ಅರಿಸಿನದ ಬಟ್ಟಲು ಹಿಡಿದವಳು ಕೈ ಕೆಳಗೇ ಇಳಿಸಲಿಲ್ಲ.

“ನೀಲವ್ವ, ಇದೇನು ತೋಪು ತಂದಿ?” ಎಂದರು ಬಡೀಬೀ. “ನಿನ್ನ ಸಾಬೂನು ಡಬ್ಬಿ ಎಲ್ಲಿ ಅದ?”

ಫಿರಂಗಿಯಂಥ ಆ ತೋಪಿನಿಂದ ನಾನು ಎರಡು ಫೋಟೋ ತೆಗೆದೆ. ಬೆಳಕು ಚೆಂದ, ಬಣ್ಣ ಚೆಂದ, ಜೀವ ಮಾತ್ರ ಇಲ್ಲ. ಎರಡನ್ನೂ ನಾನೇ ಅಳಿಸಿದೆ. ದೊಡ್ಡ ಕ್ಯಾಮೆರಾ ಕಣ್ಣಿಗೆ ಹಿಡಿದರೆ ನನ್ನ ಮುಖವೇ ಮುಚ್ಚಿಹೋಗುತ್ತದೆ. ಆ ಹೆಂಗಸರಿಗೆ ನಲವತ್ತು ಸಲ ಬಂದು ಹೋದ ನೀಲವ್ವ ಕಾಣುತ್ತಿರಲಿಲ್ಲ, ಒಂದು ಕಪ್ಪು ಗಾಜು ಕಾಣುತ್ತಿತ್ತು. ಅದು ನನಗೆ ಅವತ್ತು ತಿಳಿಯಿತು. ಚೀಲದಿಂದ ಸಾಬೂನು ಡಬ್ಬಿ ತೆಗೆದೆ. ಅದನ್ನು ಎದೆಯ ಮಟ್ಟದಲ್ಲಿ ಹಿಡಿದು, ಮಾತಾಡುತ್ತ ಮಾತಾಡುತ್ತ ಒತ್ತಿದರೆ ಆಯಿತು. ಎರಡು ನಿಮಿಷದಲ್ಲಿ ಹಾಡು ಮತ್ತೆ ಶುರುವಾಯಿತು. ಮೆಹರುನ್ನೀಸಾ ತಂಗಿಯ ಮೂಗಿಗೆ ಅರಿಸಿನ ಹಚ್ಚಿ, ಕ್ಯಾಮೆರಾದ ಹತ್ತಿರವೇ ಬಗ್ಗಿ, ಇದು ಚಾಲೂ ಆಗ್ಯಾದೋ ಇಲ್ಲೋ ಎಂದು ಕೇಳುತ್ತಲೇ ಯಾರೋ ಆಡಿದ ಮಾತಿಗೆ ಬಿದ್ದು ಬಿದ್ದು ನಕ್ಕಳು. ನಾನು ಒತ್ತುತ್ತಲೇ ಇದ್ದೆ.

ಏಳು ಫೋಟೋ ಆದ ಮೇಲೆ ಕ್ಯಾಮೆರಾ ನಿಂತಿತು. ಜಾಗ ಇಲ್ಲ ಎಂದು ಪರದೆ ತೋರಿಸಿತು. ತಳದ ಮುಚ್ಚಳ ತೆಗೆದು ನೋಡುತ್ತೇನೆ, ಕಾರ್ಡೇ ಇಲ್ಲ. ಹಿಂದಿನ ದಿನ ಸುರಪುರದ ಅಂಗಡಿಯಲ್ಲಿ ಕಂಪ್ಯೂಟರಿಗೆ ಹಾಕಿದ್ದನ್ನು ಅಲ್ಲೇ ಮರೆತು ಬಂದಿದ್ದೆ. ದೊಡ್ಡ ಕ್ಯಾಮೆರಾದ ಕಾರ್ಡು ಕಿತ್ತು ಇದಕ್ಕೆ ಹಾಕಿದೆ. ಹಾಕಿದ ಮೇಲೆ ಆ ಏಳು ಫೋಟೋ ಹುಡುಕಿದರೆ ಒಂದೂ ಇಲ್ಲ. ಕಾರ್ಡಿಲ್ಲದೆ ತೆಗೆದದ್ದು ನೀರಿನ ಮೇಲೆ ಬರೆದ ಹಾಗಾಯಿತು ಎಂದುಕೊಂಡೆ. ಉಸ್ತಾದರ ಪಾಠದಂತೆ ಎಲ್ಲರ ಎದುರಿಗೆ ಹೇಳಿದೆ: ಏಳು ಫೋಟೋ ಹೋದವು, ತಪ್ಪು ನನ್ನದು. ನೂರಾರು ಮದುವೆಯ ಫೋಟೋ ತೆಗೆದವಳು ಕಾರ್ಡು ಮರೆತು ಬಂದೆನಲ್ಲ ಎಂದು ನಾಚಿ ಕಿವಿ ಬಿಸಿಯಾಗಿತ್ತು. ಮೆಹರುನ್ನೀಸಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅಂದಳು:

“ಛಲೋ ಆತು ಬಿಡ್ರಿ ಅಕ್ಕಾರ. ಅದರಾಗ ನಾ ಹಲ್ಲು ಬಿಟ್ಟಿದ್ದೆ.”

ಆಮೇಲೆ ದಿನವಿಡೀ ಅವಳು ಹುಷಾರಾದಳು. ನಗು ಬಂದರೆ ಅಂಗೈ ಅಡ್ಡ. ಮೂರು ಸಲ ಹಲ್ಲಿನ ಸಂದು ಕಾಣುವಂತೆ ಬಂತು, ಮೂರು ಸಲವೂ ನಾನು ಪರದೆ ತಿರುಗಿಸಿ ಕೇಳಿದೆ, ಮೂರು ಸಲವೂ ಅಳಸ್ರಿ ಅಂದಳು. ಅಳಿಸಿದೆ. ತುಟಿ ಮುಚ್ಚಿ ಕುಳಿತ ಒಂದೇ ಫೋಟೋಕ್ಕೆ ಇಡ್ರಿ ಅಂದಳು. ಎಲ್ಲ ಪ್ರಿಂಟು ಹಾಕಿ, ಲಕೋಟೆಯನ್ನು ಬಡೀಬೀಯ ಕೈಗೆ ಕೊಟ್ಟು, ಅವರ ಎದುರಿಗೇ ಕಾರ್ಡು ಖಾಲಿ ಮಾಡಿದೆ. ಅಂಗಡಿಗೆ ಬಂದು ಕಂಪ್ಯೂಟರಿನಿಂದಲೂ ಅಳಿಸಿದೆ. ಇನ್ನೆಂದೂ ಮರೆಯಬಾರದೆಂದು ಒಂದು ಕಾರ್ಡನ್ನು ಸಾಬೂನು ಡಬ್ಬಿಯಲ್ಲೇ ಕಾಯಂ ಇಟ್ಟುಬಿಟ್ಟೆ. ಮುಂದೆ ಫೋಟೋ ಇಳಿಸುವುದಿದ್ದರೆ ವೈರು ಹಚ್ಚಿಯೇ ಇಳಿಸುತ್ತಿದ್ದೆ, ಮುಚ್ಚಳ ತೆಗೆದು ಕಾರ್ಡು ಹೊರಗೆ ತೆಗೆಯಲಿಲ್ಲ.

ಹೀಗೆ ನಲವತ್ತು ವರ್ಷ. ಅಂಗಡಿ ಮುಚ್ಚುವ ದಿನ ನನ್ನ ಕಪಾಟಿನಲ್ಲಿ ಯಾರ ಮನೆಯ ಒಬ್ಬ ಹೆಣ್ಣುಮಗಳ ಫೋಟೋವೂ ಇರಲಿಲ್ಲ. ಅದನ್ನು ನೆನೆದಾಗೆಲ್ಲ ಹೆಮ್ಮೆಯಿಂದ ಎದೆ ತುಂಬುತ್ತಿತ್ತು. ಶಾಹೀನ್ ಬಂದು ಹೋದ ದಿನ ಮಾತ್ರ ಮೊದಲ ಸಲ ಅದೇ ಖಾಲಿ ಕಪಾಟು ನೋಡಿ ಸಂಕಟವಾಯಿತು. ಮಾತು ಉಳಿಸಿಕೊಂಡೆ, ಸರಿ. ಒಂದು ಮಗುವಿಗೆ ತಾಯಿಯ ಮುಖ ಉಳಿಯಲಿಲ್ಲ. ಇಷ್ಟು ಬರೆದು ನಿಲ್ಲಿಸಿದ್ದೆ. ಕೊನೆಗೆ ಏನು ಬರೆಯಬೇಕೆಂದು ತೋಚಿರಲಿಲ್ಲ.

ವಾರದ ಮೇಲೆ ಶಾಹೀನ್ ನಾನು ಹೇಳಿದ ಹಾಗೇ ಬಂದಳು. ಬಾಯಲ್ಲಿ ಹೇಳಿದರೆ ತಿಳಿಯದು, ಕೈಯಲ್ಲಿ ಹಿಡಿದೇ ನೋಡು ಎಂದು ಎರಡೂ ಕ್ಯಾಮೆರಾ ಪೆಟ್ಟಿಗೆಯಿಂದ ತೆಗೆದು ಪಡಸಾಲೆಯಲ್ಲಿ ಇಟ್ಟೆ. ದೊಡ್ಡದರ ತೂಕ ನೋಡಿದಳು, ಕಣ್ಣಿಗೆ ಹಿಡಿದು ಅಂಗಳದ ಬೇವಿನ ಗಿಡ ನೋಡಿದಳು. ಅದಕ್ಕೆ ಹೊಸ ಬ್ಯಾಟರಿ ಸಿಗುವುದು ಕಷ್ಟ ಎಂದೆ. ಸಣ್ಣದಕ್ಕೆ ಆ ತೊಂದರೆ ಇಲ್ಲ. ಮೂಲೆಯ ಅಂಗಡಿಯಿಂದ ಎರಡು ಪೆನ್ಸಿಲ್ ಸೆಲ್ಲು ತಂದು ಹಾಕಿದಳು. ಹಾಕುವಾಗ ಪಕ್ಕದಲ್ಲಿದ್ದ ಕಾರ್ಡನ್ನು ಹೊರಗೆ ತೆಗೆದು, ಇದು ಈಗಿನ ಲ್ಯಾಪ್‌ಟಾಪಿಗೆ ಹಿಡಿಯುತ್ತದೋ ಇಲ್ಲವೋ ಎಂದು ತಿರುವಿ ನೋಡಿ ತೊಡೆಯ ಮೇಲಿಟ್ಟುಕೊಂಡಳು. ಮುಚ್ಚಳ ಹಾಕಿ ಗುಂಡಿ ಒತ್ತಿದಳು. ಲೆನ್ಸು ಗೊರ್ ಎಂದು ಹೊರಗೆ ಬಂತು. ಜೀವ ಅದ ಇದಕ್ಕ ಎಂದು ನಗುತ್ತ, ಹಳೆಯ ಫೋಟೋ ನೋಡುವ ಗುಂಡಿ ಒತ್ತಿದಳು.

ನಾನು ಒಳಗೆ ಚಹಾಕ್ಕೆ ನೀರಿಟ್ಟಿದ್ದೆ. ಪಡಸಾಲೆಯಿಂದ ಸಣ್ಣ ದನಿಯಲ್ಲಿ ಕರೆದಳು.

“ಅಕ್ಕಾರ, ಕಾರ್ಡ್ ನನ್ನ ಕೈಯಾಗ ಅದ. ಫೋಟೋ ಇದರಾಗ ಅವಲ್ರಿ.”

ಒಲೆ ಆರಿಸಿ ಬಂದೆ. ಪರದೆಯ ಮೇಲೆ ಅರಿಸಿನದ ಬಟ್ಟಲು, ರುಖಸಾನಾಳ ಹಳದಿ ಮೂಗು. ಈ ಕ್ಯಾಮೆರಾಗಳ ಹೊಟ್ಟೆಯೊಳಗೇ ಸ್ವಲ್ಪ ಜಾಗ ಇರುತ್ತದೆ, ಕಾರ್ಡಿಲ್ಲದಾಗ ಏಳೆಂಟು ಫೋಟೋ ಅಲ್ಲಿ ಕೂಡುತ್ತವೆ, ಕಾರ್ಡು ಹಾಕಿದರೆ ಅವು ಕಾಣುವುದಿಲ್ಲ ಎಂದು ಅವಳೇ ನನಗೆ ತಿಳಿಸಿದಳು. ಇಷ್ಟು ವರ್ಷ ನಾನು ಅದನ್ನು ಕೈಯಲ್ಲಿ ಹಿಡಿದು ಓಡಾಡಿದ್ದೇನೆ, ನನಗೆ ಗೊತ್ತಿರಲಿಲ್ಲ. ಒಂದೊಂದೇ ಸರಿಸಿದಳು. ಏಳನೆಯದರಲ್ಲಿ ಮೆಹರುನ್ನೀಸಾ ಇದ್ದಳು. ಕ್ಯಾಮೆರಾ ಚಾಲೂ ಆಗಿಲ್ಲವೆಂದು ತಿಳಿದು ಬಗ್ಗಿ ನೋಡುತ್ತ, ದುಪಟ್ಟಾ ಹೆಗಲಿಗೆ ಜಾರಿ, ಅರಿಸಿನದ ಕೈ ಗಾಳಿಯಲ್ಲಿ, ಬಾಯಿ ತುಂಬ ನಗು. ಹಲ್ಲಿನ ಸಂದು ಪೂರ್ತಿ ಕಾಣುತ್ತಿತ್ತು. ಮುಖ ಒಂದಿಷ್ಟು ಬೆಳ್ಳಗಾಗಿತ್ತು, ಅಂಚು ಮಸುಕಾಗಿತ್ತು. ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಫೋಟೋ ನಾನು ತೆಗೆದಿಲ್ಲ.

ಶಾಹೀನ್ ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಆದರೂ ಹೇಳಬೇಕಾದದ್ದನ್ನು ಮೊದಲು ಹೇಳಿದೆ. ನಿಮ್ಮ ಬಡೀಬೀಗೆ ನಾನು ಕೊಟ್ಟ ಮಾತು ಹದಿನೈದು ವರ್ಷ ತಪ್ಪಿತ್ತು, ನನಗೆ ತಿಳಿಯದ ಹಾಗೆ. ಈ ಕ್ಯಾಮೆರಾ ಇನ್ನು ನನ್ನ ಮನೆಯಲ್ಲಿ ಇರುವ ಹಾಗಿಲ್ಲ, ಒಯ್ದು ಅವರ ಕೈಗೆ ಕೊಡು, ತಪ್ಪು ನೀಲವ್ವಳದೆಂದು ಹೇಳು ಎಂದೆ. ಅವಳು ಕಣ್ಣೊರೆಸಿಕೊಂಡು, ಮಿಕ್ಕ ಆರರಲ್ಲಿ ರುಖಸಾನಾ ಖಾಲಾ, ಓಣಿಯ ಇನ್ನೂ ಐದಾರು ಹೆಂಗಸರು ಇದ್ದಾರೆ, ಒಬ್ಬೊಬ್ಬರ ಮನೆಗೂ ಹೋಗಿ ತೋರಿಸಿ ಕೇಳುತ್ತೇನೆ, ಅಲ್ಲಿಯವರೆಗೆ ಮೊಬೈಲಿಗೂ ಹಾಕಿಕೊಳ್ಳುವುದಿಲ್ಲ ಎಂದಳು. ನಾನು ಹೇಳಿಕೊಟ್ಟಿರಲಿಲ್ಲ. ಈ ಹುಡುಗಿಗೆ ಕೆಲಸ ಬರುತ್ತದೆ ಎಂದು ಅಲ್ಲೇ ಗೊತ್ತಾಯಿತು.

ಮೊದಲನೆಯ ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ದೊಡ್ಡದನ್ನು ಕೊಂಡುಕೋ, ಸಣ್ಣದು ನಿಮ್ಮ ಮನೆಗೇ ಹೊರಟಿದೆ, ಅದು ನಿನಗೇ ಇರಲಿ ಎಂದೆ. ಮಬ್ಬು ಕೋಣೆಗೆ, ಓಡುವ ಗಳಿಗೆಗೆ, ಮೀಸೆ ಬಾಚಿಕೊಳ್ಳುವವರಿಗೆ ದೊಡ್ಡದು ಬೇಕು. ಪರದೆಯ ಒಳಗೆ ಹೋದ ಮೇಲೆ ಮೊದಲು ಸಾಬೂನು ಡಬ್ಬಿ ತೆಗೆ, ನಿನ್ನ ಮುಖ ಅವರಿಗೆ ಕಾಣಲಿ.

ಒಂದು ಕೆಲಸ ಉಳಿದಿತ್ತು. ಮೆಹರುನ್ನೀಸಾ ಇದ್ದಿದ್ದರೆ ಈ ಫೋಟೋ ಅಳಸ್ರಿ ಎನ್ನುತ್ತಿದ್ದಳು. ಅದರಲ್ಲಿ ನನಗೆ ಸಂಶಯವಿಲ್ಲ, ಮೂರು ಸಲ ಅಂದವಳು ಅವಳು. ಈಗ ಕೇಳಬೇಕಾದದ್ದು ಅವಳ ಮಗಳನ್ನು. ಕ್ಯಾಮೆರಾ ಇಸಿದುಕೊಂಡು, ಪರದೆಯನ್ನು ಅವಳ ಕಡೆ ತಿರುಗಿಸಿ ಹಿಡಿದು, ಕೊನೆಯ ಸಲ ಕೇಳಿದೆ.

“ಇಡ್ಲೇನವ್ವ, ಅಳಸ್ಲೇನವ್ವ?”

ಶಾಹೀನಳಿಗೆ ಅಳುವಿನ ನಡುವೆಯೇ ನಗು ಬಂತು. ರೂಢಿಯಂತೆ ಅಂಗೈ ಬಾಯಿಗೆ ಹೋಯಿತು. ಪರದೆಯ ಮೇಲಿನ ತಾಯಿಯನ್ನು ನೋಡಿದಳು. ಕೈ ಕೆಳಗಿಳಿಸಿದಳು.

“ಇಡ್ರಿ, ಇಡ್ಲಿ ಅಕ್ಕಾರ” ಎಂದಳು.